ಸುಲೋಚನಕ್ಕನ ಹೆಸರಿನಲ್ಲಿ ಬಂದ ಇಮೇಲ್

ಮೂರು ವರ್ಷದಿಂದ ನಾನು ಒಂದೇ ವಿಷಯಕ್ಕೆ ಕಾಯುತ್ತಿದ್ದೆ. ಸುಲೋಚನಕ್ಕ ತಾನಾಗಿ ನನ್ನನ್ನು ಮಾತಾಡಿಸಬೇಕು. ಫೋನ್ ಮಾಡಿದರೂ ಸರಿ, ಯಾರ ಕೈಲಾದರೂ ಹೇಳಿಕಳಿಸಿದರೂ ಸರಿ, ನಾನಾಗಿ ಮಾತ್ರ ಹೋಗುವುದಿಲ್ಲ. ಇದು ಬರೀ ಹಟ ಅಂತ ನನ್ನ ಗಂಡ ಗುರುಪ್ರಸಾದ ಹೇಳುತ್ತಾನೆ. ಹೌದು, ಹಟವೇ. ಬ್ಯಾಂಕಿನವರು ಹಾಸನದಿಂದ ವಿಶಾಖಪಟ್ಟಣಕ್ಕೆ, ಅಲ್ಲಿಂದ ವಿಜಯವಾಡಕ್ಕೆ ಎತ್ತಿಹಾಕುವಾಗ ನನ್ನ ಜೊತೆ ತಪ್ಪದೆ ಬಂದಿರುವ ಸಾಮಾನು ಅದೊಂದೇ.

ಹೀಗಿರುವಾಗ ಕಳೆದ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ವಿಜಯವಾಡದ ಬೆಂಜ್ ಸರ್ಕಲ್ ಶಾಖೆಯಲ್ಲಿ ಕುರ್ಚಿ ಎಳೆದು ಕೂತು ಫೋನ್ ತೆಗೆದರೆ, ಇಮೇಲ್‌ಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ‘ಸುಲೋಚನಾ ಅಣ್ಣಪ್ಪ’ ಅಂತ ಹೆಸರು. ನನಗಾದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. “ಬಗ್ಗಿದಳು!” ಅಂತ ಪಕ್ಕದ ಕೌಂಟರಿನ ಕನಕದುರ್ಗ ಬೆಚ್ಚಿಬೀಳುವಷ್ಟು ಜೋರಾಗಿ ಅಂದುಬಿಟ್ಟೆ. ಆಮೇಲೆ ತೆರೆದು ಓದಿದೆ.

‘ಪ್ರಿಯ ರೇಣುಕಾ, ನೀವು ಪ್ರಸ್ತುತ ಲಭ್ಯವಿದ್ದೀರಾ? ನನಗೆ ನಿಮ್ಮಿಂದ ಒಂದು ತುರ್ತು ಅನುಗ್ರಹದ ಅಗತ್ಯವಿದೆ. ನಾನು ಈ ಸಮಯದಲ್ಲಿ ಕರೆಗಳನ್ನು ಸ್ವೀಕರಿಸಲು ಅಸಮರ್ಥಳಾಗಿದ್ದೇನೆ. ದಯವಿಟ್ಟು ಇಲ್ಲಿಯೇ ಪ್ರತ್ಯುತ್ತರಿಸಿ. ಹಾರ್ದಿಕ ವಂದನೆಗಳೊಂದಿಗೆ, ಸುಲೋಚನಾ.’

ಸುಲೋಚನಕ್ಕ ಹುಬ್ಬಳ್ಳಿಯವಳು. ನನ್ನಿಂದ ಏನಾದರೂ ಬೇಕಿದ್ದರೆ “ಏ ರೇಣಿ, ಬಾ ಇಲ್ಲಿ” ಅನ್ನುತ್ತಾಳೆ. ನನಗಿಂತ ಏಳು ವರ್ಷ ದೊಡ್ಡವಳು, ಒಂದು ದಿನವೂ ನನಗೆ ‘ನೀವು’ ಅಂದವಳಲ್ಲ. ಇನ್ನು ಅನುಗ್ರಹ ಬೇಕಾದರೆ ಸಿದ್ಧಾರೂಢ ಮಠಕ್ಕೆ ಹೋಗುತ್ತಾಳೆಯೇ ಹೊರತು ನನ್ನ ಹತ್ತಿರ ಬರುವುದಿಲ್ಲ. ಹೆಸರಿನ ಮೇಲೆ ಬೆರಳೊತ್ತಿದೆ. ಕೆಳಗೆ ಅಡಗಿದ್ದ ನಿಜವಾದ ವಿಳಾಸ ಹೊರಗೆ ಬಂತು, ಅಕ್ಷರ ಮತ್ತು ಅಂಕಿಗಳ ಚಿತ್ರಾನ್ನ. ಯಾವನೋ ಕಳ್ಳ ಅವಳ ಹೆಸರನ್ನು ಅಂಟಿಸಿಕೊಂಡು ಬಂದಿದ್ದ.

ನಮ್ಮ ಶಾಖೆಯಲ್ಲಿ ಗ್ರಾಹಕರಿಗೆ ಸೈಬರ್ ವಂಚನೆಯ ಬಗ್ಗೆ ಭಾಷಣ ಮಾಡುವವಳು ನಾನೇ. ಯಾರೂ ಒಪ್ಪಿಕೊಳ್ಳದ ಕೆಲಸವಾದ್ದರಿಂದ ನನಗೆ ಬಂತು. ಆದ್ದರಿಂದ ಮೋಸ ಅಂತ ಗೊತ್ತಾಗಲು ನನಗೆ ಅರ್ಧ ನಿಮಿಷ ಸಾಕಾಯಿತು. ಆದರೆ ಕಳ್ಳನಿಗಿಂತ ಹೆಚ್ಚಾಗಿ ಸುಲೋಚನಕ್ಕನ ಮೇಲೇ ಸಿಟ್ಟು ಬಂತು. ಕಳ್ಳನಿಗಾದರೂ ನನ್ನ ನೆನಪಾಯಿತು, ಇವಳಿಗೆ ಮೂರು ವರ್ಷದಿಂದ ಆಗಿಲ್ಲ.

ನಮ್ಮ ಜಗಳದ ವಿಷಯ ಹೇಳಿಬಿಡುತ್ತೇನೆ. ವಿಶಾಖಪಟ್ಟಣಕ್ಕೆ ನಾನು ವರ್ಗವಾಗಿ ಹೋದಾಗ ನನ್ನ ಮಗಳು ದೀಪಿಕಾಗೆ ಹನ್ನೊಂದು ತಿಂಗಳು. ಪಕ್ಕದ ಮನೆಯಲ್ಲಿ ಸುಲೋಚನಕ್ಕ. ಅವಳ ಗಂಡ ಅಣ್ಣಪ್ಪನವರು ಅಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ಬ್ಯಾಂಕಿಗೆ ಹೋದರೆ ಮಗು ಸಂಜೆಯವರೆಗೆ ಅವಳ ಸೊಂಟದ ಮೇಲೆ. ದೀಪಿಕಾ ಮೊದಲು ಕಲಿತ ಕನ್ನಡ ನನ್ನದಲ್ಲ, ಅವಳದು. ಮಗು ನನಗೆ “ಯವ್ವಾ, ರೊಟ್ಟಿ ಕೊಡ” ಅನ್ನುತ್ತಿತ್ತು. ಆಮೇಲೆ ಶಾಲೆ ಶುರುವಾಯಿತು, ಗೆಳತಿಯರು ಬಂದರು, ಎಲ್ಲರ ಮನೆಗಳಲ್ಲಿ ಆಗುವ ಹಾಗೆ ನಮ್ಮ ಮನೆಯಲ್ಲೂ ತೆಲುಗು ಸೋಫಾದ ಮೇಲೆ ಕಾಲು ಚಾಚಿ ಕೂತಿತು.

ಅಲ್ಲಿ ಕಡಲತೀರ ಕನ್ನಡ ಬಳಗ ಅಂತ ನಮ್ಮದೊಂದು ಸಂಘ. ಅದರ ರಾಜ್ಯೋತ್ಸವದಲ್ಲಿ ಮಕ್ಕಳ ಪದ್ಯ ಹೇಳುವ ಸ್ಪರ್ಧೆ. ತೀರ್ಪುಗಾರ್ತಿ ಸುಲೋಚನಕ್ಕ. ಒಂಬತ್ತು ವರ್ಷದ ದೀಪಿಕಾ ಒಂದು ಸಾಲೂ ಮರೆಯದೆ ಪದ್ಯ ಒಪ್ಪಿಸಿ ಕೈಮುಗಿದು ನಿಂತಿದ್ದಳು. ಸುಲೋಚನಕ್ಕ ಮೈಕ್ ಹಿಡಿದು, “ಕೂಸು ಛಂದ ಹೇಳ್ತು, ಆದ್ರ ತೆಲುಗಿನ್ಯಾಗ ಹೇಳಿದಂಗ ಇತ್ತು” ಅಂದಳು. ಇಡೀ ಸಭೆ ನಕ್ಕಿತು. ಬಹುಮಾನ ಬೇರೆ ಯಾರಿಗೋ ಹೋಯಿತು.

ನಾನು ಮನೆಗೆ ಬಂದು ಬಳಗದ ನೂರೆಂಬತ್ತು ಸದಸ್ಯರಿಗೂ ಹೋಗುವ ಹಾಗೆ ಒಂದು ಇಮೇಲ್ ಬರೆದೆ. ‘ತೀರ್ಪುಗಾರರ ಯೋಗ್ಯತೆಯ ಬಗ್ಗೆ ಎರಡು ಮಾತು’ ಅನ್ನುವುದು ಅದರ ಶೀರ್ಷಿಕೆ. ಅವಳೂ ನೂರೆಂಬತ್ತು ಜನರ ಮುಂದೆಯೇ ಉತ್ತರ ಕೊಟ್ಟಳು. ನಮ್ಮ ಬಳಗದಲ್ಲಿ ಯಾರೂ ಒಬ್ಬರಿಗೆ ಮಾತ್ರ ಇಮೇಲ್ ಬರೆಯುವುದಿಲ್ಲ, ಅದು ಅಮರ್ಯಾದೆ. ಮದುವೆ ಕರೆಯಾದರೂ ಎಲ್ಲರಿಗೂ, ಗ್ಯಾಸ್ ಸಿಲಿಂಡರ್ ತಡವಾಯಿತು ಅನ್ನುವ ಗೋಳಾದರೂ ಎಲ್ಲರಿಗೂ. ನಾಲ್ಕು ದಿನದಲ್ಲಿ ನಾನು ಇಪ್ಪತ್ತೊಂದು ಬರೆದೆ, ಅವಳು ಇಪ್ಪತ್ತು. ಕಾರ್ಯದರ್ಶಿ ದಕ್ಷಿಣಾಮೂರ್ತಿಯವರು ಪ್ರತಿಯೊಂದಕ್ಕೂ ‘ಧನ್ಯವಾದಗಳು, ಗಮನಿಸಲಾಗಿದೆ’ ಅಂತ ಉತ್ತರಿಸಿದರು. ಕೊನೆಯ ಮಾತು ನನ್ನದೇ ಆಯಿತು. ನಂತರ ಮೌನ. ಮುಂದಿನ ಬೇಸಿಗೆಯಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಗುರುಪ್ರಸಾದನ ಕಾರ್ಖಾನೆ ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರದಲ್ಲಿ, ಅವನು ಅಲ್ಲೇ ಉಳಿದು ವಾರಕ್ಕೊಮ್ಮೆ ಬಂದುಹೋಗುತ್ತಾನೆ.

ಇಷ್ಟು ಕಥೆಯನ್ನು ನಾನು ಕನಕದುರ್ಗಳಿಗೆ ಹೇಳಿ, ಆ ಕಳ್ಳ ಇಮೇಲನ್ನು ತೋರಿಸಿದೆ. ಅವಳು ಕಂಪ್ಯೂಟರ್ ಓದಿ ಬಂದ ಚುರುಕು ಹುಡುಗಿ. “ನಿಮ್ಮ ಬಳಗದವರೆಲ್ಲರ ವಿಳಾಸವೂ ಒಂದೇ ಕಡೆ ಇರುವುದು ಯಾರ ಹತ್ತಿರ ಮೇಡಂ?” ಅಂತ ಕೇಳಿದಳು. ದಕ್ಷಿಣಾಮೂರ್ತಿಯವರಿಗೆ ಫೋನ್ ಹಚ್ಚಿದೆ.

“ಹೌದಮ್ಮಾ, ಹೋದ ವಾರ ಒಂದು ಬಂದಿತ್ತು. ನಿಮ್ಮ ಮೇಲ್‌ಬಾಕ್ಸ್ ತುಂಬಿಹೋಗಿದೆ, ಪಾಸ್‌ವರ್ಡ್ ಹಾಕಿ ಖಾಲಿ ಮಾಡ್ಕೊಳ್ಳಿ ಅಂತ. ತುಂಬಿದ್ದೇನೋ ನಿಜ. ಹಾಕಿದೆ” ಅಂದರು.

“ಖಾಲಿ ಆಯ್ತಾ ಸಾರ್?”

“ಇಲ್ಲಮ್ಮಾ, ಅದನ್ನೇ ನೋಡ್ತಾ ಇದ್ದೀನಿ.”

ಹದಿನೈದು ವರ್ಷದ ಪತ್ರವ್ಯವಹಾರವನ್ನು ಆ ಮನುಷ್ಯ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಕನಕದುರ್ಗ ನನಗೆ ಬಿಡಿಸಿ ಹೇಳಿದಳು. ಆ ಡಬ್ಬಿ ಕೈಗೆ ಸಿಕ್ಕಿದರೆ ಕಳ್ಳರು ಕೂತು ಓದುವುದಿಲ್ಲ, ಕಂಪ್ಯೂಟರಿಗೆ ಹಾಕುತ್ತಾರೆ. ಯಾರು ಯಾರಿಗೆ ಹೆಚ್ಚು ಸಲ ಬರೆದಿದ್ದಾರೆ ಅಂತ ಅದು ಹುಡುಕುತ್ತದೆ. ಹೆಚ್ಚು ಬರೆದವರು ಆಪ್ತರು. ಆಪ್ತರ ಹೆಸರಿನಲ್ಲಿ ಕೇಳಿದರೆ ಜನ ಯೋಚಿಸದೆ ಕೊಡುತ್ತಾರೆ.

“ನಿಮ್ಮ ಬಳಗದಲ್ಲಿ ನಿಮ್ಮಿಬ್ಬರಷ್ಟು ಆಪ್ತರು ಬೇರೆ ಯಾರೂ ಇಲ್ಲ ಮೇಡಂ” ಅಂತ ಅವಳು ನಕ್ಕಳು.

“ಅದಷ್ಟೂ ಬೈಗುಳ ಕಣೇ.”

“ಅದಕ್ಕೆ ಬೈಗುಳ ಗೊತ್ತಾಗಲ್ಲ ಮೇಡಂ.” ಆಮೇಲೆ ನಗು ನಿಲ್ಲಿಸಿ ಅಂದಳು, “ನಿಮಗೆ ಅವರ ಹೆಸರಲ್ಲಿ ಬಂದಿದೆ ಅಂದರೆ ಅವರಿಗೆ ನಿಮ್ಮ ಹೆಸರಲ್ಲಿ ಹೋಗಿರುತ್ತೆ. ಒಂದು ಫೋನ್ ಮಾಡಿಬಿಡಿ.”

“ನಾನಾ? ನನ್ನ ಹೆಸರು ಕಂಡರೆ ಅವಳು ಫೋನನ್ನೇ ಕಡಲಿಗೆ ಎಸೀತಾಳೆ. ನನ್ನ ಹೆಸರಿಗೆ ಅವಳಿಂದ ಐದು ಪೈಸೆ ಹುಟ್ಟಲ್ಲ” ಅಂದೆ. ಹೇಳುವಾಗ ಅದು ನಿಜ ಅಂತಲೇ ನಂಬಿದ್ದೆ. ಫೋನ್ ಮಾಡಿದರೆ ನಾನೇ ಮೊದಲು ಮಾತಾಡಿಸಿದಂತೆ ಆಗುತ್ತದಲ್ಲ ಅನ್ನುವುದು ಒಳಗಿನ ಕಾರಣ.

ಆದರೆ ಎಚ್ಚರಿಸುವುದು ನನ್ನ ಕರ್ತವ್ಯ. ಆದ್ದರಿಂದ ಪದ್ಧತಿಯಂತೆ ನೂರೆಂಬತ್ತು ಜನರಿಗೂ ಬರೆದೆ. ‘ಎಲ್ಲರ ಗಮನಕ್ಕೆ. ಶ್ರೀಮತಿ ಸುಲೋಚನಾ ಅವರ ಹೆಸರಿನಲ್ಲಿ ಸುಳ್ಳು ಇಮೇಲ್ ಬರುತ್ತಿದೆ. ಗುರುತು ಹಿಡಿಯುವುದು ಸುಲಭ. ವಿನಯದಿಂದ ಮಾತಾಡಿದ್ದರೆ ಅದು ಅವರಲ್ಲ.’ ಎರಡೇ ನಿಮಿಷದಲ್ಲಿ ದಕ್ಷಿಣಾಮೂರ್ತಿಯವರ ವಿಳಾಸದಿಂದ ‘ಧನ್ಯವಾದಗಳು, ಗಮನಿಸಲಾಗಿದೆ’ ಅಂತ ಬಂತು. ಬರೆದದ್ದು ಅವರೋ ಕಳ್ಳನೋ ತಿಳಿಯಲಿಲ್ಲ.

ಮಧ್ಯಾಹ್ನ ಕೊಂಡಪಲ್ಲಿಯಲ್ಲಿ ಗೊಂಬೆ ಮಾಡುವವರಿಗೆ ನನ್ನ ಜಾಗೃತಿ ಭಾಷಣವಿತ್ತು. ದಿನಾ ಹೇಳುವ ಓಟಿಪಿ ಪುರಾಣ ಬಿಟ್ಟು ಅವತ್ತು ಈ ಇಮೇಲನ್ನೇ ತೆಲುಗಿಗೆ ತಿರುಗಿಸಿ ಓದಿದೆ. ನಿಜವಾದ ಸುಲೋಚನಕ್ಕ ಹೇಗೆ ಮಾತಾಡುತ್ತಾಳೆ ಅಂತ ಸೊಂಟದ ಮೇಲೆ ಕೈಯಿಟ್ಟು ತೋರಿಸಿದೆ. ಅಂಬಾರಿ ಆನೆಗಳಿಗೂ ದಶಾವತಾರಗಳಿಗೂ ಬಣ್ಣ ಹಚ್ಚುತ್ತ ಕೂತಿದ್ದವರೆಲ್ಲ ಕುಂಚ ಕೆಳಗಿಟ್ಟು ನಕ್ಕರು. ದುರ್ಗಾಂಬ ಅನ್ನುವ ಒಬ್ಬ ವಯಸ್ಸಾದ ಹೆಂಗಸು ಮಾತ್ರ ನಗದೆ ಕೇಳಿದಳು.

“ನಿಮ್ಮ ಗೆಳತಿಗೆ ಇದನ್ನು ಹೇಳಿದಾಗ ಏನಂದರಮ್ಮಾ?”

“ಇನ್ನೂ ಹೇಳಿಲ್ಲ” ಅಂದೆ.

“ಮತ್ತೆ ನಮಗೆ ಯಾಕೆ ಹೇಳುತ್ತಿದ್ದೀರಿ?” ಅಂದಳು ಮುದುಕಿ, ಯಾವ ಕೊಂಕೂ ಇಲ್ಲದೆ. ನಾನು ಗಡಿಯಾರ ನೋಡಿಕೊಂಡು ಓಟಿಪಿಗೆ ವಾಪಸಾದೆ.

ಬರುವಾಗ ಜೀಪಿನಲ್ಲಿ ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಎರಡು ಸಲವೂ, ಆಯಿತು, ಇಮೇಲ್ ಹಾಕಿದ್ದೀನಲ್ಲ, ನೋಡಿರುತ್ತಾಳೆ ಅಂತ ಒಳಗಿಟ್ಟೆ.

ಸಂಜೆ ಆರೂಮುಕ್ಕಾಲು. ಶಾಖೆಯ ಶಟರ್ ಅರ್ಧ ಇಳಿದಿತ್ತು. ಚಹಾ ಕುಡಿಯುತ್ತ ನಾನು ಕೊಂಡಪಲ್ಲಿಯ ಪ್ರದರ್ಶನವನ್ನು ಕನಕದುರ್ಗಳಿಗಾಗಿ ಇನ್ನೊಮ್ಮೆ ಆಡುತ್ತಿದ್ದೆ. ಸೊಂಟದ ಮೇಲೆ ಕೈ, ಮೂಗು ಮೇಲೆ, “ಏ ರೇಣಿ, ನಿನಗ ಬುದ್ಧಿ ಎಷ್ಟದ, ಗೇಣೋ ಮಾರೋ?” ಕನಕದುರ್ಗ ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತು ನನ್ನ ಹಿಂದೆ ನೋಡಿದಳು.

ಶಟರಿನ ಕೆಳಗೆ ಬಗ್ಗಿ ಸುಲೋಚನಕ್ಕ ಒಳಗೆ ಬಂದಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಬ್ಯಾಗು, ಇನ್ನೊಂದರಲ್ಲಿ ಅಕ್ಕಿ ನುಚ್ಚಿನ ಪೊಟ್ಟಣ. ಕೂದಲು ಕೆದರಿತ್ತು. ಒಂದು ಕಾಲಿನ ಚಪ್ಪಲಿಯ ಬಾರು ಕಿತ್ತು, ಅದನ್ನು ಎಳೆಯುತ್ತ ನಡೆಯುತ್ತಿದ್ದಳು.

“ದೀಪಿ ಎಲ್ಲದಾಳ?” ಅಂದಳು. “ಯಾವ ದವಾಖಾನ್ಯಾಗ ಇಟ್ಟೀರಿ? ಇಲ್ಲಿ ಸುತ್ತ ನಾಕು ದವಾಖಾನಿ ತಿರುಗಿ ಬಂದೆ, ಎಲ್ಲೂ ಆ ಹೆಸರಿನ ಕೂಸಿಲ್ಲ ಅಂತಾರ. ಆಪರೇಶನ್ ಆತೇನು?”

ನಾನು ಸೊಂಟದ ಮೇಲಿನ ಕೈ ಕೆಳಗಿಳಿಸಿದೆ. ನನ್ನ ಮುಖ ನೋಡಿ ಅವಳು ಬೇರೆ ಏನೋ ಅರ್ಥ ಮಾಡಿಕೊಂಡಳು. ಅಲ್ಲೇ ಗ್ರಾಹಕರ ಬೆಂಚಿನ ಮೇಲೆ ಕುಸಿದಳು.

“ಅಕ್ಕ, ದೀಪಿಗೆ ಏನೂ ಆಗಿಲ್ಲ! ಮನೇಲಿದಾಳೆ, ಆರಾಮಾಗಿದಾಳೆ. ಅದು ಸುಳ್ಳು ಅಕ್ಕ, ಯಾರೋ ಕಳ್ಳರು ಕಳಿಸಿದ್ದು” ಅಂತ ಅವಳ ಮುಂದೆ ಕೂತು ಎರಡೂ ಕೈ ಹಿಡಿದುಕೊಂಡೆ. ಮೂರು ಸಲ ಹೇಳಬೇಕಾಯಿತು. ಆಮೇಲೆ ಮನೆಗೆ ಫೋನ್ ಮಾಡಿ ದೀಪಿಕಾಳ ದನಿ ಕೇಳಿಸಿದೆ. “ಆಂಟೀ, ಎಪ್ಪುಡು ವಚ್ಚಾರು?” ಯಾವಾಗ ಬಂದಿರಿ ಅಂತ ಮಗಳು ಅಪ್ಪಟ ತೆಲುಗಿನಲ್ಲಿ ಕಿರುಚಿದಳು. ಸುಲೋಚನಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು, “ಈಗ ಬಂದೆವ್ವಾ, ಈಗ” ಅಂತ ಅತ್ತಳು.

ಬೆಳಿಗ್ಗೆ ಅವಳ ಮನೆಯ ಕಂಪ್ಯೂಟರಿಗೆ ನನ್ನ ಹೆಸರಿನ ಇಮೇಲ್ ಬಂದಿತ್ತು. ಮಗಳು ದೀಪಿಕಾಗೆ ಅಪೆಂಡಿಕ್ಸ್ ಒಡೆದಿದೆ, ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿದ್ದೇವೆ, ಫೋನ್ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಈ ಖಾತೆಗೆ ಸಹಾಯ ಮಾಡಿ. ಮಗಳ ಹೆಸರು ನಮ್ಮ ನಲವತ್ತೊಂದು ಬೈಗುಳದಲ್ಲೂ ಇತ್ತು. ಬೆಂಜ್ ಸರ್ಕಲ್, ವಿಜಯವಾಡಕ್ಕೆ ಬಂದಮೇಲೆ ನಾನು ಬಳಗಕ್ಕೆ ಬರೆದ ಇಮೇಲುಗಳ ಸಹಿಯ ಕೆಳಗೆ ತಾನಾಗಿ ಬೀಳುತ್ತಿತ್ತು. ಸುಲೋಚನಕ್ಕ ತನ್ನ ಖಾತೆಯಲ್ಲಿ ಇದ್ದಷ್ಟನ್ನೂ ಕಳಿಸಿ, ಬೆಳಗಿನ ರೈಲು ಹತ್ತಿಬಿಟ್ಟಿದ್ದಳು. ನನ್ನ ಎಚ್ಚರಿಕೆ ಅವಳ ಮನೆಯ ಕಂಪ್ಯೂಟರಿನಲ್ಲಿ ಕೂತಿತ್ತು. ಅವಳ ಫೋನಿನಲ್ಲಿ ಇಮೇಲ್ ಇಲ್ಲ.

“ನನಗೊಂದು ಫೋನ್ ಮಾಡೋದಲ್ವಾ ಅಕ್ಕ?” ಅಂದೆ. ಅಭ್ಯಾಸಬಲ. ದಿನಾ ಗ್ರಾಹಕರಿಗೆ ಗದರುವ ದನಿಯಲ್ಲೇ ಅಂದೆ.

“ಮುಂಜಾನಿಂದ ಮಾಡಾಕತ್ತೀನಿ. ನಿನ್ನ ಫೋನ್ ಹತ್ತವಲ್ದು. ಕೆಟ್ಟದ ಅಂತ ನೀನ ಬರದಿದ್ಯಲ್ಲ. ಗುರು ಕಾರ್ಖಾನಿ ಒಳಗ ಹೋದ್ರ ಫೋನ್ ಗೇಟಿನ್ಯಾಗ ಇಡತಾನ. ನೀ ಒಬ್ಬಾಕಿ ಕೂಸಿನ್ನ ಹಿಡಕೊಂಡು ಏನ ಮಾಡ್ತೀ ಅಂತ ಬಂದೆ.”

ನನ್ನ ಫೋನ್ ಮೇಜಿನ ಮೇಲೆ ಸುಖವಾಗಿ ಮಲಗಿತ್ತು. ಬೆಳಿಗ್ಗೆಯಿಂದ ಅದರಲ್ಲಿ ಇಡೀ ಊರಿನ ಜೊತೆ ಮಾತಾಡಿದ್ದೆ. ಅವಳ ಕರೆ ಯಾಕೆ ಹತ್ತಲಿಲ್ಲ ಅಂತ ಆಗ ಹೊಳೆಯಿತು. ನಲವತ್ತೊಂದನೆಯ ಇಮೇಲ್ ಬರೆದ ದಿನ ಅವಳ ನಂಬರನ್ನು ಬ್ಲಾಕ್ ಮಾಡಿದ್ದೆ. ಮಾಡಿ, ಸಿಟ್ಟಿನ ಭರದಲ್ಲಿ ಅದನ್ನು ಮರೆತೂಬಿಟ್ಟಿದ್ದೆ. ಕಳ್ಳ ಹೇಳಿದ ಸುಳ್ಳನ್ನು ನಿಜ ಮಾಡಿಕೊಟ್ಟವಳು ನಾನೇ. ಆಗ ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಆ ಕಡೆಯವರು ಕೇಳಿದ ವಿವರಗಳನ್ನು ಹೇಳುವಾಗ ಜಾಗೃತಿ ಅಧಿಕಾರಿಯಾದ ನಾನೇ ತೊದಲಿದೆ. ಕನಕದುರ್ಗ ಫೋನ್ ಕಸಿದುಕೊಂಡು ಮುಗಿಸಿದಳು. ಹಣ ಮುಂದೆ ಹೋಗದಂತೆ ತಡೆಯಲು ಪ್ರಯತ್ನಿಸುತ್ತೇವೆ ಅಂದರು. ಬರುತ್ತದೋ ಬಿಡುತ್ತದೋ ಇನ್ನೂ ಗೊತ್ತಿಲ್ಲ.

ಮನೆಗೆ ಬಂದ ಕೂಡಲೇ ಸುಲೋಚನಕ್ಕ ದೀಪಿಕಾಳ ಅಂಗಿ ಎತ್ತಿ ಹೊಟ್ಟೆ ನೋಡಿದಳು. ಹನ್ನೆರಡು ವರ್ಷದ ಹುಡುಗಿ ನಾಚಿ ಕಿರುಚಿದರೂ ಬಿಡಲಿಲ್ಲ. ಎಲ್ಲೂ ಹೊಲಿಗೆ ಇಲ್ಲ ಅಂತ ಖಾತ್ರಿಯಾದ ಮೇಲೆ, “ತಂದೀನಿ ಅಂದಮ್ಯಾಲ ಉಣ್ಣಬೇಕು” ಅಂತ ನುಚ್ಚಿನ ಗಂಜಿ ಮಾಡಲು ಅಡುಗೆಮನೆಗೆ ಹೋದಳು. ಕಾಯಿಲೆ ಇಲ್ಲದ ನಮ್ಮಿಬ್ಬರಿಗೂ ಅವತ್ತು ರಾತ್ರಿಯ ಊಟ ಗಂಜಿ. ದೀಪಿಕಾ ಅವಳ ಹಿಂದೆಯೇ ಹೋಗಿ ಅರ್ಧ ತೆಲುಗು, ಅರ್ಧ ಹುಬ್ಬಳ್ಳಿಯಲ್ಲಿ ಮೂರು ವರ್ಷದ ಸುದ್ದಿಯನ್ನೆಲ್ಲ ಸುರಿಯುತ್ತಿದ್ದಳು. ಅವಳ ಕನ್ನಡದ ಬಗ್ಗೆ ತೀರ್ಪುಗಾರ್ತಿ ಚಕಾರ ಎತ್ತಲಿಲ್ಲ.

ನಾನು ಬಾಗಿಲಲ್ಲಿ ನಿಂತು ಹೇಳಿದೆ. “ಅಕ್ಕ, ವೈಜಾಗಿಗೆ ಹೋದ್ಮೇಲೆ ನನ್ನದೊಂದು ಮೇಲ್ ಇರುತ್ತೆ. ಓದಬೇಡಿ.”

“ಯಾಕ, ಏನ ಬರದೀ?”

ಹೇಳಿದೆ. ವಿನಯದಿಂದ ಮಾತಾಡಿದ್ದರೆ ಅದು ಅವರಲ್ಲ ಅನ್ನುವುದನ್ನೂ ಬಿಡದೆ ಹೇಳಿದೆ. ಅವಳು ಸೌಟು ಹಿಡಿದುಕೊಂಡು ನಕ್ಕಳು. “ಖರೇನ ಬರದೀ ಬಿಡ” ಅಂದಳು. ಆಮೇಲೆ ಗಂಜಿ ತಿರುವುತ್ತ, ನನ್ನ ಕಡೆ ನೋಡದೆ ಕೇಳಿದಳು, “ಅಂದ್ರ ನನ್ನ ಹೆಸರಿನ್ಯಾಗ ಮುಂಜಾನೆನ ನಿನಗ ಬಂದಿತ್ತು. ಸುಳ್ಳು ಅಂತ ನಿನಗ ತಿಳೀತು, ಶಾಣ್ಯಾಕಿ ಇದ್ದಿ. ಆದ್ರೂ ನಾ ಆರಾಮ ಅದೀನೋ ಇಲ್ಲೋ ಅಂತ ಒಂದ ಫೋನರ ಮಾಡಬಾರದಿತ್ತೇನು?”

ನಾನು ನೀರು ಕುಡಿಯುವ ನೆಪದಲ್ಲಿ ನಡುಮನೆಗೆ ಬಂದೆ. ಮೊದಲು ಬ್ಲಾಕ್ ತೆಗೆಯೋಣ ಅಂತ ಫೋನ್ ತೆರೆದೆ. ತಡೆದ ಕರೆಗಳಿಗೆ ಅದರಲ್ಲಿ ಬೇರೆಯೇ ಒಂದು ಪಟ್ಟಿ ಇದೆ, ನಾನು ಯಾವತ್ತೂ ತೆಗೆದು ನೋಡಿದ್ದಿಲ್ಲ. ಅವತ್ತಿನ ತಾರೀಖಿನಲ್ಲಿ ಹತ್ತೊಂಬತ್ತು ಕರೆ. ಅಲ್ಲಿಗೆ ಮುಗಿದಿರಲಿಲ್ಲ. ಕೆಳಗೆ ಈ ವರ್ಷದ ಯುಗಾದಿ. ಅದರ ಕೆಳಗೆ ದೀಪಿಕಾಳ ಹುಟ್ಟುಹಬ್ಬ, ಎರಡು ಸಲ. ನನಗೆ ವರ್ಗವಾದ ವಾರ, ಐದು. ಎಳೆಯುತ್ತ ಎಳೆಯುತ್ತ ತಳಕ್ಕೆ ಹೋದೆ. ಎಲ್ಲಕ್ಕಿಂತ ಹಳೆಯದು, ಜಗಳ ನಿಂತ ಎಂಟನೆಯ ದಿನ, ಬೆಳಿಗ್ಗೆ ಏಳು ಗಂಟೆ. ಅವಳು ಮೊದಲು ಮಾತಾಡಿಸಲಿ ಅಂತ ನಾನು ಮೂರು ವರ್ಷ ಕಾದಿದ್ದೆ, ಅವಳು ಎಂಟೇ ದಿನಕ್ಕೆ ಮಾತಾಡಿಸಿದ್ದಳು.

ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಅವಳ ಮುಂದೆ ಹಿಡಿದೆ. ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿ ನೋಡಿದಳು.

“ಹೌದು, ಮಾಡಿದ್ದೆ. ನೀ ಎತ್ತಲೇ ಇಲ್ಲ” ಅಂದಳು. “ಇನ್ನಾ ಸಿಟ್ಟು ಇಳಿದಿಲ್ಲ ಅಂದ್ಕೊಂಡೆ.”

“ಇಳಿದಿತ್ತು ಅಕ್ಕ” ಅಂದೆ. “ಯಾವತ್ತೋ ಇಳಿದಿತ್ತು.”